ಪಡ್ಡಿನ ತವಾದ ಬೆಲ್ಲ

ಕೊತ್ತತ್ತಿ ಕಡೆಯ ಒಂದು ಬೆಲ್ಲದ ಸಹಕಾರ ಸಂಘಕ್ಕೆ ಪ್ರಸನ್ನ ಕಾರ್ಯದರ್ಶಿ. ಅಚ್ಚು ಬೆಲ್ಲ ಕೊಳ್ಳುವವರು ಕಡಿಮೆಯಾಗಿ ಸಂಘ ಸೊರಗಿದ್ದಾಗ ದಾರಿ ತೋರಿಸಿದವಳು ಸದಸ್ಯೆ ಅಂಕಮ್ಮ. ಬಿಸಿ ಪಾಕಕ್ಕೆ ಶುಂಠಿ ಪುಡಿ ಬೆರೆಸಿ, ಮನೆಯ ಪಡ್ಡಿನ ತವಾಕ್ಕೆ ಹುಯ್ದು, ಪುಟ್ಟ ಉಂಡೆಗಳನ್ನು ತಂದು ಅವನ ಮೇಜಿನ ಮೇಲಿಟ್ಟಳು.

"ಒಂದ್ ಲೋಟ ಟೀಗೆ ಒಂದ್ ಸಾಕು ಸಾ. ಆಕಿ ನೋಡಿ," ಎಂದಳು.

ಅವನು ಅಂಥದೇ ಅಚ್ಚು ಮಾಡಿಸಿದ, ಡಬ್ಬಿಗಳಿಗೆ ಚೀಟಿ ಅಂಟಿಸಿದ, ಮದ್ದೂರಿನ ಅಂಗಡಿಗಳನ್ನೆಲ್ಲ ಸುತ್ತಿದ. ಒಂದೇ ವರ್ಷದಲ್ಲಿ ಸಂಘ ಚೇತರಿಸಿಕೊಂಡಿತು. ಮಂಡ್ಯದ ಸಮಾರಂಭವೊಂದರಲ್ಲಿ ಅವನಿಗೆ ಶಾಲು ಹೊದಿಸಿ, ಈ ಯೋಚನೆ ಹೇಗೆ ಬಂತೆಂದು ಕೇಳಿದರು.

"ಒಂದಿನ ಟೀ ಕುಡಿಯುವಾಗ ನನಗೆ ಹೊಳೆಯಿತು," ಎಂದುಬಿಟ್ಟ.

ಮೂರನೇ ಸಾಲಿನಲ್ಲಿ ಅಂಕಮ್ಮ ಕೂತಿದ್ದಳು. ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು.

ಈಗ ಬೇರೆಯವರೂ ಅಂಥದೇ ಉಂಡೆ ಮಾರುತ್ತಿದ್ದಾರೆ. ಸಂಘಕ್ಕೆ ಹೊಸದೇನಾದರೂ ಬೇಕು. ಆದರೆ ಸಭೆಯಲ್ಲಿ ಯಾವ ಹೆಂಗಸೂ ಬಾಯಿ ಬಿಡುವುದಿಲ್ಲ. ಮೊನ್ನೆ ಪ್ರಸನ್ನ ಆಲೆಮನೆಗೆ ಹೋಗಿ ಅಂಕಮ್ಮನ ಪಕ್ಕ ನಿಂತ.

"ಅವತ್ತು ನಿಮ್ಮ ಹೆಸರು ಹೇಳ್ಬೇಕಿತ್ತು ಅಂಕಮ್ಮಾರೆ. ತಪ್ಪಾಯ್ತು."

"ಅದ್ಯಾಕೀಗ, ಬುಡಿ ಸಾ."

"ಮುಂದಕ್ಕೆ ಏನ್ ಮಾಡೋಣ? ನೀವೇ ಏನಾದ್ರೂ ಹೇಳಿ."

"ನಮ್ಗೇನ್ ಗೊತ್ತಾಯ್ತದೆ? ನೀವ್ ಯೋಳಿ, ಮಾಡ್ಕೊಡ್ತೀವಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಸಮಾಧಾನ ಮಾಡಬಹುದಿತ್ತು ಎನಿಸಿತು ಅವನಿಗೆ. ಇನ್ನಷ್ಟು ಹೊತ್ತು ಕಾದ. ಅವಳು ಅಚ್ಚುಗಳನ್ನು ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಹೊರಟಳು.