ಸಂಪಿಗೆಯ ಜೋಯಿಸರು ಹೇಳದ ಗಂಡಾಂತರ

ಸಂಪಿಗೆ ಊರಿನ ಜೋಯಿಸರಿಗೆ ಅತ್ತಿಗೆಯ ಜಾತಕ ತೋರಿಸಿ ಬಂದೆನೆಂದು ಮೈದುನ ಯೋಗೀಶ ಹೇಳಿದ ಸಂಜೆಯೇ ವಿಮಲಮ್ಮನ ತಲೆಯಲ್ಲಿ ಅನುಮಾನದ ಹುಳ ಹೊಕ್ಕಿತು.

“ನಿಮ್ಗೆ ಮಾರಕ ದಶೆ ಶುರುವಾಗೈತಂತೆ ಅತ್ತಿಗೆ. ಯುಗಾದಿ ಕಳೆಯೋಗಂಟ ಅಟ್ಟ ಹತ್ತಂಗಿಲ್ಲ, ತೋಟಕ್ಕೆ ಒಬ್ರೇ ಹೋಗಂಗಿಲ್ಲ. ಒಂದ್ಸಲ ಆಸ್ಪತ್ರೆಗೂ ತೋರಿಸ್ಕಂಡ್ರೆ ಒಳ್ಳೇದಂತೆ,” ಎಂದು ಅವನು ನೆಲ ನೋಡಿಕೊಂಡೇ ಹೇಳಿದ್ದ.

ಗಂಡ ತೋಂಟದಾರ್ಯ ತೀರಿಕೊಂಡ ಮೇಲೆ ಹೊನ್ನವಳ್ಳಿಯ ತೆಂಗಿನ ತೋಟವನ್ನು ವಿಮಲಮ್ಮ ಒಬ್ಬಳೇ ನೋಡಿಕೊಂಡು ಬಂದಿದ್ದಳು. ಅರವತ್ತು ದಾಟಿದರೂ ಏಣಿಯಿಟ್ಟು ಅಟ್ಟ ಹತ್ತುವಳು. ಅಲ್ಲಿ ಒಣಗಲು ಹಾಕಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವಳು. ಅಂಥವಳನ್ನು ಮನೆಯಲ್ಲಿ ಕೂರಿಸಿದರೆ ಯಾರಿಗೆ ಲಾಭ? ಪಕ್ಕದ ತೋಟ ಯೋಗೀಶನದು. ಅದೂ ಅಲ್ಲದೆ, ಶಾಂತಿ ಮಾಡಿಸಿ ಅನ್ನದೆ ಆಸ್ಪತ್ರೆಗೆ ಹೋಗಿ ಅನ್ನುವ ಜೋಯಿಸನನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಎರಡು ದಿನ ಕಳೆದು ಯೋಗೀಶ ಏಣಿಯನ್ನೇ ತನ್ನ ಮನೆಗೆ ಹೊತ್ತುಕೊಂಡು ಹೋದ. ಅವನೂ ವಿಮಲಮ್ಮನ ಮಗಳು ಲಿಖಿತಾಳೂ ಹಿತ್ತಿಲಲ್ಲಿ ಪಿಸುಗುಟ್ಟುತ್ತಿದ್ದವರು ತನ್ನನ್ನು ಕಂಡೊಡನೆ ಸುಮ್ಮನಾದದ್ದೂ ಅವಳ ಕಣ್ಣಿಗೆ ಬಿತ್ತು. ಮಗಳನ್ನೂ ಬುಟ್ಟಿಗೆ ಹಾಕಿಕೊಂಡನೇ?

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ, ಜಾತಕವನ್ನು ಚೀಲಕ್ಕೆ ಹಾಕಿಕೊಂಡು ಸಂಪಿಗೆಯ ಬಸ್ಸು ಹತ್ತಿದಳು.

ಜೋಯಿಸ ಶ್ರೀರಂಗಯ್ಯನವರು ದೇವಸ್ಥಾನದ ಹಿಂದಿನ ಬೀದಿಯಲ್ಲಿದ್ದರು. ವಿಮಲಮ್ಮ ತನ್ನ ಅಕ್ಕನ ಜಾತಕವೆಂದು ಸುಳ್ಳು ಹೇಳಿ ಮುಂದಿಟ್ಟಳು.

“ಆಯಸ್ಸು ನೋಡ್ಬೇಕಿತ್ತು ಸ್ವಾಮಿ.”

ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. “ಲಗ್ನದಿಂದ ಎಂಟನೇದು ಆಯಸ್ಸಿನ ಮನೆ ತಾಯಿ. ಅಲ್ಲಿ ಶನಿ ಕೂತಿದ್ದಾನೆ, ಬೇಗ ಬಿಟ್ಟುಕೊಡೋನಲ್ಲ. ಎರಡು, ಏಳು ಮಾರಕ ಸ್ಥಾನ. ಇವರಿಗೆ ಅವೆರಡಕ್ಕೂ ಶುಕ್ರನೇ ಒಡೆಯ. ಆ ಶುಕ್ರದಶೆ ಚಿಕ್ಕಂದಿನಲ್ಲೇ ಮುಗಿದುಹೋಗಿದೆ. ಈಗ ನಡೀತಿರೋದು ಗುರುದಶೆ. ಭಯವಿಲ್ಲ.”

“ಮತ್ತೆ ಮೊನ್ನೆ ಹೊನ್ನವಳ್ಳಿ ಯೋಗೀಶಂಗೆ ಬೇರೆ ಥರ ಹೇಳಿದ್ರಂತಲ್ಲ?”

“ಯಾವ ಯೋಗೀಶ? ಹೊನ್ನವಳ್ಳಿಯಿಂದ ಈಚೆಗೆ ನನ್ನ ಹತ್ರ ಯಾರೂ ಬಂದಿಲ್ಲವಲ್ಲ!”

ವಿಮಲಮ್ಮನಿಗೆ ಮೈ ಉರಿದುಹೋಯಿತು. ಊರು ಮುಟ್ಟಿದವಳೇ ನೇರ ಯೋಗೀಶನ ಮನೆಗೆ ನುಗ್ಗಿದಳು. ಲಿಖಿತಾಳೂ ಅಲ್ಲೇ ಇದ್ದಳು.

“ಸುಳ್ಳು ದಶೆ ಕಟ್ಟಿ ನನ್ನ ಮೂಲೆಗೆ ಕೂರಿಸಿ ತೋಟ ಹೊಡ್ಕಳಾಣ ಅಂತ ಮಾಡಿದ್ಯೇನಪ್ಪ?”

ಯೋಗೀಶ ಬಾಯಿ ತೆರೆಯುವ ಮೊದಲೇ ಲಿಖಿತಾ ಅಡ್ಡ ಬಂದಳು. “ಚಿಕ್ಕಪ್ಪನ್ನ ಬೈಬೇಡ ಕಣಮ್ಮ. ಹಂಗೆ ಹೇಳು ಅಂತ ಹೇಳ್ಕೊಟ್ಟೋಳು ನಾನು.”

“ನೀನಾ?”

“ದೀಪಾವಳಿ ಹಿಂದಿನ ದಿನ ಅಟ್ಟದ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ಯಲ್ಲ, ಕಾಲು ಜಾರ್ತು ಅಂದೆ. ಆಮೇಲೆ ಬಚ್ಚಲ್ಮನೇಲೂ ಹಂಗೇ ಆಯ್ತು. ಡಾಕ್ಟ್ರ ಹತ್ರ ಹೋಗಾಣ ಅಂದ್ರೆ ನನ್ನ ಮಾತು ಕೇಳಿದ್ಯಾ? ಜೋಯಿಸ್ರು ಅಂದ್ರಾದ್ರೂ ಕೇಳ್ತೀಯ ಅಂದ್ಕಂಡೆ.”

ವಿಮಲಮ್ಮನಿಗೆ ಮೂರನೆಯ ಸಲ ಕಣ್ಣು ಕತ್ತಲಾದದ್ದು ಅಂದೇ, ಸಂಪಿಗೆಯ ಬಸ್ ನಿಲ್ದಾಣದಲ್ಲಿ. ಕಂಬ ಹಿಡಿದು ನಿಂತು ಸುಧಾರಿಸಿಕೊಂಡಿದ್ದಳು. ಅದನ್ನು ಅವರಿಗೆ ಹೇಳಲಿಲ್ಲ. “ನಾಳೆ ಹೋಗಾಣ ನಡಿ,” ಎಂದಷ್ಟೇ ಹೇಳಿ ಮನೆಗೆ ಹೊರಟಳು.

ತಿಪಟೂರಿನ ಡಾಕ್ಟರು ಎದೆಯ ಬಡಿತದ ಇಸಿಜಿ ಪಟ್ಟಿಯನ್ನು ಎರಡು ಸಲ ನೋಡಿದರು. “ನಿಮ್ಮ ಹೃದಯ ನಡುನಡುವೆ ನಿಧಾನ ಆಗ್ತಿದೆ ಅಮ್ಮ. ಬಡಿತ ಸರಿಮಾಡೋಕೆ ಒಂದು ಯಂತ್ರ ಕೂರಿಸ್ಬೇಕು. ತಡ ಮಾಡಿದ್ರೆ ಜೀವಕ್ಕೆ ಅಪಾಯ.”

ವಿಮಲಮ್ಮ ಡಾಕ್ಟರ ಮುಖವನ್ನೂ ಮಗಳ ಮುಖವನ್ನೂ ನೋಡಿದಳು.

“ಹಿಂಗೆ ಹೇಳಿ ಅಂತ ಇವ್ಳೇನಾದ್ರೂ ಮೊದ್ಲೇ ಫೋನ್ ಮಾಡಿದ್ಲಾ ಸ್ವಾಮಿ?”

ಡಾಕ್ಟರು ನಗಲಿಲ್ಲ. ಲಿಖಿತಾ ತಾಯಿಯ ಕೈ ಹಿಡಿದುಕೊಂಡಳು. ವಿಮಲಮ್ಮ ಅದನ್ನು ಬಿಡಿಸಿಕೊಳ್ಳಲಿಲ್ಲ.