ನಡು ಬಳುಕುವ ಸರಪಳಿ

ಯಂತ್ರದೊಳಗೆ ರಕ್ತದ ಕೊಳವೆಗಳು ಗಿರಗಿರನೆ ತಿರುಗುತ್ತಿದ್ದವು. ಅದಕ್ಕಿಂತ ಜೋರಾಗಿ ತಿರುಗುತ್ತಿತ್ತು ಸಂಶೋಧಕಿಯ ತಲೆ. ಕೂತಳು, ಎದ್ದಳು, ಕಿಟಕಿಯ ತನಕ ಹೋಗಿ ಬಂದಳು.

"ಒಂದ್ಕಡೆ ಕೂತ್ಕೊಳ್ಳೇ ತಾಯಿ, ನೆಲ ಸವೆದು ಹೋಗುತ್ತೆ," ಎಂದರು ಲ್ಯಾಬಿನ ಹಿರಿಯ ಸಹಾಯಕಿ. ಅವರು ಎಲ್ಲರಿಗೂ ಅಕ್ಕ.

ಸಂಜೆಯೊಳಗೆ ಒಂದು ಪೆಪ್ಟೈಡ್ ಆರಿಸಿ, ಹೆಚ್ಚಿನ ಪ್ರಮಾಣದಲ್ಲಿ ತಯಾರಿಸಲು ಆರ್ಡರ್ ಕಳಿಸಬೇಕಿತ್ತು. ಆಯ್ಕೆ ತಪ್ಪಿದರೆ ಇನ್ನೊಂದು ಅವಕಾಶವಿರಲಿಲ್ಲ. ಪೆಪ್ಟೈಡ್ ಎಂದರೆ ಪ್ರೋಟೀನಿನ ಪುಟ್ಟ ಸರಪಳಿ. ಇವರ ಕೈಯಲ್ಲಿದ್ದದ್ದು, ಯಾವ ಔಷಧಕ್ಕೂ ಜಗ್ಗದ ರೋಗಾಣುವಿನ ಹೊರಪೊರೆಯನ್ನೇ ತೂತು ಮಾಡಬಲ್ಲದು. ಮೂಲ ಸರಪಳಿಯ ನಡುವೆ, ಕೀಲಿನಂತೆ ಬಳುಕುವ ಒಂದು ಜಾಗವಿತ್ತು. ಅದನ್ನು ಕಿತ್ತು, ಸರಪಳಿ ಕಡ್ಡಿಯಂತೆ ಸೆಟೆದು ನಿಲ್ಲುವ ಹಾಗೆ ಮಾಡಿದ್ದು ಅವಳದೇ ವಿನ್ಯಾಸ. ರೋಗಾಣುಗಳೇನೋ ಪಟಪಟನೆ ಸತ್ತವು. ಆದರೆ ನಿನ್ನೆ, ಅಕ್ಕ ಕೊಟ್ಟ ರಕ್ತದ ಕೆಂಪುಕಣಗಳೂ ಒಡೆದುಹೋದವು.

"ನಿಮ್ಮ ರಕ್ತಾನೇ ಸರಿ ಇಲ್ಲ ಅಕ್ಕ," ಎಂದುಬಿಟ್ಟಿದ್ದಳು.

"ಎಲ್ಲಿ ಸರಿ ಇರುತ್ತಮ್ಮ? ನಿಮ್ಮನ್ನೆಲ್ಲ ಸಂಭಾಳಿಸಿ ಕುದ್ದು ಕುದ್ದು ಹೀಗಾಗಿದೆ."

ಅದಕ್ಕೇ ಇವತ್ತು ತನ್ನ ರಕ್ತವನ್ನೇ ತೆಗೆಸಿಕೊಂಡಿದ್ದಳು. ಒಂದು ಕೊಳವೆಯಲ್ಲಿ ಬರೀ ರಕ್ತಕಣ, ಇನ್ನೊಂದಕ್ಕೆ ಮೂಲ ಸರಪಳಿ ಬೆರೆಸಿದ್ದು, ಮತ್ತೊಂದಕ್ಕೆ ಅವಳ ಕಡ್ಡಿ.

ಯಂತ್ರ ನಿಂತಿತು. ಮೊದಲೆರಡರಲ್ಲಿ ಕಣಗಳು ತಳ ಸೇರಿ, ಮೇಲಿನ ದ್ರವ ತಿಳಿಯಾಗಿತ್ತು. ಅವಳ ಕಡ್ಡಿ ಬೆರೆಸಿದ ಕೊಳವೆ ಮಾತ್ರ, ಕಣಗಳು ಒಡೆದು, ಮೇಲಿಂದ ಕೆಳಗಿನವರೆಗೂ ಕೆಂಪು.

"ಈಗ ಯಾರ ಮೇಲೆ ಗೂಬೆ ಕೂರಿಸ್ತೀಯ?" ಎಂದ ಅಕ್ಕ, ಅವಳ ಮುಖ ನೋಡಿ ಕುರ್ಚಿಯನ್ನು ಅವಳತ್ತ ಸರಿಸಿದರು.

ಅವಳೇ ಮುಖ್ಯಸ್ಥರಿಗೆ ಫೋನ್ ಮಾಡಿದಳು. "ಸರ್, ಮೂಲದ್ದನ್ನೇ ಕಳಿಸೋಣ. ನಡುವೆ ಬಳುಕೋದು."

"ಅದು ನಿಧಾನ ಅಲ್ವೇನಮ್ಮ? ಗಟ್ಟಿ ಮಾಡ್ಬೇಕು ಅಂತ ನನ್ನ ತಲೆ ತಿಂದೋಳು ನೀನೇ!"

"ನಾನೇ ಸರ್. ಅದು ನೀರಲ್ಲಿ ಸಡಿಲವಾಗಿರುತ್ತೆ, ರೋಗಾಣು ಪೊರೆ ಸಿಕ್ಕಾಗ ಮಾತ್ರ ಸುರುಳಿ ಸುತ್ತಿ ಒಳಗೆ ನುಗ್ಗುತ್ತೆ. ನಂದು ಮೊದಲೇ ಸೆಟೆದು ನಿಂತಿದೆ. ಕಳ್ಳ ಯಾರು, ಮನೆಯವರು ಯಾರು ಅಂತ ನೋಡದೆ ಎಲ್ಲರಿಗೂ ಚುಚ್ಚುತ್ತೆ."

"ಆಮೇಲೆ ಕೆಲಸ ಮಾಡ್ಲಿಲ್ಲ ಅಂದ್ರೆ?"

"ಗೊತ್ತಿಲ್ಲ ಸರ್."

"ಸರಿ, ಕಳಿಸು."

ಕಳಿಸಿದಳು. ಕಳಿಸಿದ್ದನ್ನು ತೆರೆದು ಮತ್ತೆ ಓದಿದಳು. ಎದ್ದು ಮತ್ತೆ ಕಿಟಕಿಗೆ ಹೋದಳು. "ಅಕ್ಕ, ಅದೂ ಕೈ ಕೊಟ್ರೆ?"

"ಕೊಟ್ರೆ ಕೊಡ್ಲಿ. ಮೊದಲು ನೀನು ಕೈ ಕೊಡು ಇಲ್ಲಿ," ಎಂದು ಅಕ್ಕ ಅವಳ ತೋಳಿನ ಹತ್ತಿ ತೆಗೆದರು. "ನಿಂತಲ್ಲಿ ನಿಲ್ಲಲ್ಲ ನೀನು. ನೋಡು, ಇನ್ನೂ ಒಸರ್ತಾ ಇದೆ."