ಹಾಲ್‌ನಲ್ಲಿ ಹೊಡೆದ ಸ್ಕೂಲ್ ಬೆಲ್

ತುಮಕೂರಿನ ಉಪ್ಪಾರಹಳ್ಳಿಯ ಒಂದು ಬಾಡಿಗೆ ಮನೆಯಲ್ಲಿ ದಿನಾ ಬೆಳಗ್ಗೆ ಬೆಲ್ ಹೊಡೆಯುತ್ತಿತ್ತು. ಬೆಲ್ ಅಂದರೆ ಇನ್ನೇನು, ಸ್ಟೀಲ್ ತಟ್ಟೆಗೆ ಸೌಟಿನಿಂದ ಎರಡು ಏಟು. ಹೊಡೆಯುವವಳು ಸುಮನಾ. ಓಡಿಬಂದು ಹಾಲ್‌ನಲ್ಲಿ ಚಾಪೆ ಮೇಲೆ ಕೈಕಟ್ಟಿ ಕೂರುವವಳು ಅವಳ ನಾಲ್ಕು ವರ್ಷದ ಮಗಳು ಹರ್ಷಿತಾ. ಯೂನಿಫಾರಂ ಇತ್ತು, ಟೈ ಇತ್ತು, ಅಡುಗೆಮನೆ ಪಕ್ಕದಲ್ಲೇ ಇದ್ದರೂ ಟಿಫನ್ ಬಾಕ್ಸೂ ಇತ್ತು. ಊಟದ ಬೆಲ್ ಹೊಡೆಯುವವರೆಗೆ ಸುಮನಾಳನ್ನು ಅಮ್ಮ ಅನ್ನುವಂತಿಲ್ಲ, ಮಿಸ್ ಅನ್ನಬೇಕು.

ಮೊದಲು ಹೀಗಿರಲಿಲ್ಲ. ನರ್ಸರಿಗೆ ಹಾಕಿದ್ದಾಗ ಹರ್ಷಿತಾ ವ್ಯಾನ್ ಹತ್ತುವಾಗೆಲ್ಲ ಅತ್ತು ಅತ್ತು ಜ್ವರ ಬರಿಸಿಕೊಂಡಿದ್ದಳು. ಆರು ವರ್ಷ ತುಂಬಿ ಒಂದನೇ ಕ್ಲಾಸಿಗೆ ಸೇರಿಸುವವರೆಗೆ ಮನೆಯಲ್ಲೇ ಕಲಿಸೋಣ ಎಂದು ಸುಮನಾ, ಅವಳ ಗಂಡ ಪ್ರಭುದೇವ ಇಬ್ಬರೂ ಸೇರಿ ತೀರ್ಮಾನಿಸಿದರು. ಆ ಶುರುವಿನ ದಿನಗಳು ಎಷ್ಟು ಚೆನ್ನಾಗಿದ್ದವು. ಒಗೆದ ಬಟ್ಟೆಯಲ್ಲಿ ಅಪ್ಪಂದು ಯಾವುದು, ತನ್ನದು ಯಾವುದು ಎಂದು ಮಗಳು ಬೇರೆ ಮಾಡುತ್ತಿದ್ದಳು. ಚಪಾತಿ ಹಿಟ್ಟಿನಲ್ಲಿ ಬೆಕ್ಕು ಮಾಡಿ, ಅದಕ್ಕೆ ಹೆಸರಿಟ್ಟು, ಬೇಯಿಸೋಕೆ ಬಿಡುತ್ತಿರಲಿಲ್ಲ. ಮಾತಾಡಿ ಮಾತಾಡಿ ಅವಳ ಬಾಯಿಗೆ ಬಿಡುವೇ ಇರಲಿಲ್ಲ.

ಆಮೇಲೆ ಎದುರುಮನೆ ಮಗು ಎಬಿಸಿಡಿ ಪೂರ್ತಿ ಬರೆದು ತೋರಿಸಿತು. ಸುಮನಾಳಿಗೆ ಭಯ ಶುರುವಾಯಿತು. ಮಗಳ ಭವಿಷ್ಯವನ್ನು ನಾನೇ ಹಾಳು ಮಾಡುತ್ತಿದ್ದೇನಾ? ಸ್ಕೂಲಿನ ಥರ ಇದ್ದರೇನೇ ಪಾಠ ಎಂದುಕೊಂಡು ಬೆಲ್ ಶುರು ಮಾಡಿದಳು. ಅಲ್ಲಿಂದ ಹರ್ಷಿತಾಳ ಮಾತು ದಿನದಿನಕ್ಕೂ ಕಡಿಮೆಯಾಯಿತು.

ಸಂಕ್ರಾಂತಿ ಕಳೆದ ಮೇಲೆ ಗುಬ್ಬಿ ಕಡೆಯ ಕಡಬದಿಂದ ಅತ್ತೆ ಗಂಗಾಂಬಿಕೆ ಒಂದು ಚೀಲ ಅವರೆಕಾಯಿ ತಗೊಂಡು ಬಂದರು. ಅವರಿಗೆ ಈ ಮನೆಪಾಠ ಮೊದಲಿಂದಲೂ ಹಿಡಿಸಿರಲಿಲ್ಲ.

"ಎಲ್ಲಿ ಮಗ, ಒಂದು ಎರಡು ಹೇಳು ನೋಡಾನ," ಎಂದರು.

ಹರ್ಷಿತಾ ಕೈಕಟ್ಟಿ ನಿಂತಳು. ಬಾಯಿ ಬಿಡಲಿಲ್ಲ.

"ಅಯ್ಯೋ ಶಿವನೇ, ಮಗೀಗೆ ಇದ್ದ ಮಾತೂ ಹೋಯ್ತಲ್ಲ. ಸುಮನಾ, ಇದೆಲ್ಲ ಬುಡವ್ವ. ಜೂನ್‌ಗೆ ಕಾನ್ವೆಂಟ್‌ಗೆ ಹಾಕ್ಬುಡಿ. ಅತ್ಕೊಂಡೇ ಕಲೀಲಿ. ಪ್ರಭುಗೆ ನಾನ್ ಹೇಳ್ತೀನಿ."

ಸುಮನಾ ಮಗಳ ಟೈ ಸರಿಮಾಡಿದಳು. ಅವಳಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಮಾರನೇ ದಿನ ಪಾಠದ ಹೊತ್ತಿನಲ್ಲಿ ಹರ್ಷಿತಾ ಟೀಪಾಯಿಗೆ ಎಡವಿ ಬಿದ್ದಳು. ಮಂಡಿ ತರಚಿ ರಕ್ತ ಬಂತು. ಎದ್ದು ನಿಂತಳು, ತುಟಿ ಕಚ್ಚಿಕೊಂಡಳು, ತಾಯಿಯ ಮುಖವನ್ನೇ ನೋಡುತ್ತಾ ಕೇಳಿದಳು:

"ಮಿಸ್, ಅಮ್ಮ ಯಾವಾಗ ಬರ್ತಾಳೆ?"

ಸುಮನಾ ಮಗಳನ್ನು ಬಾಚಿ ತಬ್ಬಿಕೊಂಡು ಅತ್ತುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಗಂಗಾಂಬಿಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಳು ಕೇಳಿ ಮಹಡಿಯಿಂದ ಮನೆ ಓನರ್ ಮಹಾಲಕ್ಷ್ಮಮ್ಮ ಇಳಿದು ಬಂದರು. ಅವರು ಶಿಶುವಿಹಾರದಲ್ಲಿ ಟೀಚರ್ ಆಗಿದ್ದು ರಿಟೈರ್ ಆದವರು.

"ಆಂಟಿ, ನನ್ ಕೈಲಿ ಆಗಲ್ಲ. ನಾನೇ ಮಗೂನ ಹಾಳು ಮಾಡ್ದೆ," ಎಂದಳು ಸುಮನಾ.

"ನಿನ್ ಕೈಲಿ ಆಗ್ತಿತ್ತು ಕಣಮ್ಮ, ಆ ತಟ್ಟೆ ಬಡಿಯೋಕೆ ಮುಂಚೆ. ನಮಗೆ ನಲವತ್ತು ಮಕ್ಕಳಿದ್ವು, ಬೆಲ್ ಇಲ್ದೆ ನಡೀತಿರ್ಲಿಲ್ಲ. ನಿಂಗ್ಯಾಕೆ ಬೆಲ್ಲು? ಇರೋಳೊಬ್ಳು."

"ಹಂಗಾದ್ರೆ ಬರಿಯೋದು ಯಾವಾಗ ಕಲೀತಾಳೆ ಮೇಡಮ್ಮೋರೆ?" ಗಂಗಾಂಬಿಕೆ ಬಿಡಲಿಲ್ಲ.

"ಬೆರಳಿಗೆ ಬಲ ಬಂದ್ಮೇಲೆ. ನೀವ್ ತಂದಿದೀರಲ್ಲ ಅವರೆಕಾಯಿ, ಬಿಡ್ಸೋಕೆ ಜೊತೇಲಿ ಕೂರಿಸ್ಕೊಳಿ. ಬೆರಳು ಪಳಗುತ್ತೆ, ಲೆಕ್ಕಾನೂ ಬರುತ್ತೆ. ಕತೆ ಹೇಳಿ, ಅವ್ಳು ಹೇಳೋ ಕತೇನೂ ಕೇಳಿ. ಸಂಜೆ ಬೇರೆ ಮಕ್ಕಳ ಜೊತೆ ಆಡೋಕೆ ಬಿಡಿ. ಇಷ್ಟಾದ್ರೂ ಮಾತು ಬರ್ಲಿಲ್ಲ ಅಂದ್ರೆ ಡಾಕ್ಟರ್‌ಗೆ ತೋರ್ಸಿ. ಎದುರುಮನೆ ಮಗೂಗೆ ಮಾತ್ರ ಹೋಲಿಸ್ಬೇಡಿ."

ಯೂನಿಫಾರಂ ಬೀರು ಸೇರಿತು. ಮೊದಮೊದಲು ಹರ್ಷಿತಾ ಅಜ್ಜಿ ಪಕ್ಕ ಸುಮ್ಮನೆ ಕೂತು ಕಾಯಿ ಬಿಡಿಸಿದಳು. ಸುಮನಾಳಿಗೆ ಜೀವವೇ ಕೈಯಲ್ಲಿತ್ತು. ಆಮೇಲೊಂದು ದಿನ ಗಂಗಾಂಬಿಕೆ ಕಾಳು ನೆನೆಹಾಕಿ, ಒಂದೊಂದನ್ನೇ ಒತ್ತಿ ಸಿಪ್ಪೆಯಿಂದ ಬೇಳೆ ಹಿತಕಲು ಕೂತರು. ಹರ್ಷಿತಾ ಪುಟ್ಟ ಬೆರಳಲ್ಲಿ ಹಿತಕಿದ ಕಾಳೊಂದು ಪುಳಕ್ಕೆಂದು ಹಾರಿ ಅಜ್ಜಿಯ ಹಣೆಗೆ ಅಂಟಿತು. ಮಗು ಬಿದ್ದು ಬಿದ್ದು ನಕ್ಕಿತು.

"ಅಮ್ಮಾ, ನೋಡು ಬಾ. ಅಜ್ಜಿ ಬೇಳೆ ಬೊಟ್ಟು ಇಟ್ಕೊಂಡವ್ರೆ. ಅಮ್ಮಾ, ಅಪ್ಪಂಗೆ ಐದು, ನಿಂಗೆ ಐದು, ನಂಗೆ ಐದು. ಅಜ್ಜಿಗೆ ಬೇಯಿಸಿ ಕೊಡಾಣ, ಹಲ್ಲಿಲ್ಲ."

ಒಂದೇ ಉಸಿರಿಗೆ ಎರಡು ಸಲ ಅಮ್ಮಾ. ಸುಮನಾಳಿಗೆ ಹೋದ ಜೀವ ಬಂದಂತಾಯಿತು.

"ಲೆಕ್ಕ ಬತ್ತದೆ ನನ್ ಮೊಮ್ಮಗಳಿಗೆ," ಎಂದರು ಗಂಗಾಂಬಿಕೆ, ಹಣೆ ಒರೆಸಿಕೊಳ್ಳದೆ. "ಕಾನ್ವೆಂಟ್ ಮಾತು ಈಗ ಬ್ಯಾಡ ಬುಡು."

ಅಂದು ಮಧ್ಯಾಹ್ನ ಅದೇ ಸ್ಟೀಲ್ ತಟ್ಟೆಗೆ ಅದೇ ಸೌಟಿನಲ್ಲಿ ಹಿತಕಿದ ಬೇಳೆ ಸಾರು ಬಿತ್ತು.

ಪುಟ್ಟ ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿರುವ ತಾಯಂದಿರೇ, ತಂದೆಯರೇ, ನಿಮಗೂ ಅನುಮಾನ ಬರುತ್ತದೆ. ಬರಲಿ, ಅದು ತಪ್ಪಲ್ಲ. ಆದರೆ ಆ ಭಯವನ್ನು ಮಗುವಿನ ತಲೆ ಮೇಲೆ ಹೊರಿಸಬೇಡಿ. ಇವತ್ತು ನಿಮ್ಮ ಅಡುಗೆಮನೆಯಲ್ಲಿ ಮಗುವಿಗೊಂದು ಮಣೆ ಹಾಕಿ, ಅದು ಹೇಳುವುದನ್ನು ಕೇಳಿ. ಆರು ತುಂಬಿದಾಗ ತಪ್ಪದೆ ಶಾಲೆಗೆ ಸೇರಿಸಿ. ಅಲ್ಲಿ ಅದಕ್ಕೆ ಮಿಸ್ ಸಿಗುತ್ತಾರೆ. ಅಲ್ಲಿಯವರೆಗೂ, ಆಮೇಲೂ, ಬಿದ್ದಾಗ ಅಮ್ಮ ಎಂದು ಕರೆದರೆ ಓಗೊಡಲು ನೀವಿರಿ.